ಪಾಸಾಗಿ ಕೆಟ್ಟ ಆರ್ವಿಡ್

ಎಲ್ಲಕ್ಕೂ ಮೂಲ ಒಂದು ಒಡೆದ ನೀರಿನ ಪೈಪು. ಜನವರಿಯ ಚಳಿಗೆ ಮಿನ್ನೆಸೋಟದ ಆ ಪುಟ್ಟ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಪೈಪು ಹೆಪ್ಪುಗಟ್ಟಿ ಸಿಡಿದು, ಶುಶ್ರೂಷಾ ಸಹಾಯಕರಿಗೆ ತರಬೇತಿ ಕೊಡುವ ಕೋಣೆ ಕೆರೆಯಾಯಿತು. ಪರೀಕ್ಷೆಯನ್ನು ಮುಂದಕ್ಕೆ ಹಾಕಿದ್ದರೆ ಆರ್ವಿಡ್ ಹಾಗನ್‌ನ ಮಾನ ಉಳಿಯುತ್ತಿತ್ತು. ಕಾಲೇಜಿನವರಿಗೆ ಬುದ್ಧಿ ಜಾಸ್ತಿ. ಅವರು ಪರೀಕ್ಷೆಯನ್ನು ಊರಾಚೆಯ ವೃದ್ಧರ ಆರೈಕೆ ಮನೆಗೆ ಸಾಗಿಸಿದರು.

ಆರ್ವಿಡ್‌ಗೆ ಐವತ್ತು ದಾಟಿತ್ತು. ಕಾಗದದ ಕಾರ್ಖಾನೆಯಲ್ಲಿ ಜೀವ ಸವೆಸಿದವನು. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಹೆಂಡತಿ ಲವೊನ್ ಅವನನ್ನು ಸೋಫಾದಿಂದ ಎಬ್ಬಿಸಿ ಈ ಕೋರ್ಸಿಗೆ ತಳ್ಳಿದ್ದಳು. ಮಲಗಿದವರನ್ನು ಹೊರಳಿಸುವುದು, ಹಲ್ಲಿನ ಸೆಟ್ಟು ತೊಳೆಯುವುದು, ನಾಡಿ ಎಣಿಸುವುದು ಎಲ್ಲ ಕಲಿತಿದ್ದ. ಆದರೆ ಮೊದಲ ಸಲದ ಪರೀಕ್ಷೆಯಲ್ಲಿ ಗಾಲಿಕುರ್ಚಿಗೆ ಬ್ರೇಕು ಹಾಕಲು ಮರೆತ. ಅದರಲ್ಲಿ ಕೂತಿದ್ದ ರಬ್ಬರಿನ ರೋಗಿ ಬಾಗಿಲು ದಾಟಿ, ಇಳಿಜಾರಿನಲ್ಲಿ ಉರುಳಿಕೊಂಡು ಹೋಗಿ, ಕ್ಯಾಂಟೀನಿನ ಸಾಲಿನಲ್ಲಿ ನಿಂತಿತ್ತು.

ಇವತ್ತೂ ಫೇಲಾದರೆ ಭಾವಮೈದ ಡ್ವೇನ್‌ನ ಟ್ಯಾಂಕರ್ ಹತ್ತಬೇಕು. ಡ್ವೇನ್‌ನದು ಮನೆಮನೆಯ ಶೌಚದ ಗುಂಡಿ ಖಾಲಿ ಮಾಡುವ ವ್ಯಾಪಾರ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ, ನಿಜ. ಆದರೆ ಡ್ವೇನ್‌ನ ಕೆಸರಿನಲ್ಲಿ ಕೈಯಿಟ್ಟವನ ಗಂಟಲಲ್ಲಿ ಮೊಸರು ಇಳಿಯಬೇಕಲ್ಲ. ಬೆಳಿಗ್ಗೆ ಬೆಳಿಗ್ಗೆಯೇ ಅವನ ಫೋನು ಬಂದಿತ್ತು.

"ಭಾವ, ನಿಂಗೆ ಅಂತ ರಬ್ಬರ್ ಬೂಟು ತೆಗೆದಿಟ್ಟಿದ್ದೀನಿ. ಪರೀಕ್ಷೆ ಮುಗಿಸ್ಕೊಂಡು ಹಾಗೇ ಈ ಕಡೆ ಬಂದ್ಬಿಡು."

"ನಾನು ಪಾಸಾಗ್ತೀನಿ ಡ್ವೇನ್."

"ಆಗ್ತೀಯ, ಆಗ್ತೀಯ. ಬೂಟು ಎಲ್ಲೂ ಓಡಿಹೋಗಲ್ಲ."

ಕಾಲೇಜಿನ ವ್ಯಾನಿನಲ್ಲಿ ಮೂವರು ಅಭ್ಯರ್ಥಿಗಳನ್ನು ತಂದು ಇಳಿಸಿದ ಟೀಚರ್ ಸ್ಕೋಗನ್ ಮೇಡಂ ಒಳಗೆ ಬರಲಿಲ್ಲ. ಕಲಿಸಿದವರು ಪರೀಕ್ಷೆ ನಡೆಯುವಲ್ಲಿ ಕಾಲಿಡಬಾರದೆಂದು ನಿಯಮ. ಕಿಟಕಿಯ ಗಾಜು ಇಳಿಸಿ ಕೊನೆಯ ಪಾಠ ಹೇಳಿದರು.

"ಈ ಸಲ ರಾಜ್ಯ ಸರ್ಕಾರ ಕಳಿಸ್ತಿರೋ ಪರೀಕ್ಷಕಿ ಬೇರೆ, ವಯಸ್ಸಾದೋರು, ಬಲು ಕಟ್ಟುನಿಟ್ಟು, ಹುಷಾರು. ಇನ್ನೊಂದು ಮಾತು. ಒಳಗಿರೋರು ನಿಜವಾದ ಅಜ್ಜ-ಅಜ್ಜಿಯರು, ಮರೆವಿನ ಕಾಯಿಲೆಯೋರು. ಯಾರಾದ್ರೂ 'ನಾನು ಇಲ್ಲಿಯವಳಲ್ಲ, ನನ್ನ ಕಾರು ಹೊರಗಿದೆ' ಅಂದ್ರೆ ವಾದಕ್ಕಿಳೀಬೇಡಿ. ಹೌದು ಅನ್ನಿ, ಮೆಲ್ಲಗೆ ಮಾತು ತಿರುಗಿಸಿ, ತಿನ್ನೋಕೆ ಏನಾದ್ರೂ ಕೊಡಿ. ಹೊರಗೆ ಮಾತ್ರ ಬಿಡ್ಬೇಡಿ. ಈ ಚಳೀಲಿ ಜೀವ ಹೋಗುತ್ತೆ."

ಒಳಗೆ ತಿಂಡಿಯ ಹೊತ್ತು. ದಾದಿಯರೆಲ್ಲ ಊಟದ ಕೋಣೆಯಲ್ಲಿ ಓಟ್ಸ್ ಗಂಜಿ ಹಿಡಿದು ಓಡಾಡುತ್ತಿದ್ದರು. ಪರೀಕ್ಷೆಗೆಂದು ಬಿಟ್ಟುಕೊಟ್ಟ ಖಾಲಿ ಕೋಣೆಯ ಮುಂದೆ ಮೂವರೂ ನಿಂತರು. ಆರ್ವಿಡ್ ಜೊತೆಗೆ ಮಾಯ್ ವಾಂಗ್ ಎಂಬ ಮೆಲುಮಾತಿನ ಹೆಂಗಸು, ಮತ್ತೆ ಹತ್ತೊಂಬತ್ತರ ಟೆಸ್ಸಾ. ಟೆಸ್ಸಾಗೆ ಕೇಳದೇ ಇದ್ದವರಿಗೂ ಸಲಹೆ ಕೊಡುವ ಚಟ.

"ಬ್ರೇಕು ಮರೀಬೇಡಿ ಆರ್ವಿಡ್," ಎಂದಳು ಅವಳು. "ಕೈಮೇಲೆ ಬರ್ಕೊಳ್ಳಿ ಬೇಕಾದ್ರೆ. ಬೇಡ, ಕೈ ತೊಳೆದಾಗ ಅಳಿಸಿಹೋಗುತ್ತೆ. ಹಣೆಮೇಲೆ ಬರೀಲಾ?"

ಅಷ್ಟರಲ್ಲಿ ಕಾರಿಡಾರಿನ ತುದಿಯಿಂದ ನೀಳಕಾಯದ ವೃದ್ಧೆಯೊಬ್ಬಳು ನಡೆದುಬಂದಳು. ಇಸ್ತ್ರಿ ಮಾಡಿದ ಅಂಗಿ, ಸರಕ್ಕೆ ಕಟ್ಟಿದ ಕನ್ನಡಕ, ಕಂಕುಳಲ್ಲಿ ಬರೆಯುವ ರಟ್ಟು. ಮೂವರೂ ತಂತಾವೇ ನೆಟ್ಟಗಾದರು.

"ಸಾಲಾಗಿ ನಿಂತ್ಕೊಳ್ಳಿ! ಏಯ್ ಹುಡುಗಿ, ಬಾಯಲ್ಲಿರೋದನ್ನ ಉಗುಳು. ಯಾರು ಮೊದಲು?"

ಟೆಸ್ಸಾ ಆರ್ವಿಡ್‌ನನ್ನು ಮುಂದಕ್ಕೆ ನೂಕಿದಳು.

ಬಾಗಿಲು ಮುಚ್ಚಿತು. ಆರ್ವಿಡ್ ಕೈ ತೊಳೆದ, ಪರದೆ ಎಳೆದ, ದಿಂಬನ್ನೇ ರೋಗಿ ಎಂದುಕೊಂಡು ಹೊರಳಿಸಿದ, ಗಾಲಿಕುರ್ಚಿಗೆ ಎರಡೆರಡು ಸಲ ಬ್ರೇಕು ಒತ್ತಿದ. ಆಕೆ ಹುಬ್ಬು ಕೂಡ ಅಲುಗಿಸಲಿಲ್ಲ. "ಉಗುರು ತೋರ್ಸು," ಎಂದಳು. ತೋರಿಸಿದ. "ಏಳರ ಮಗ್ಗಿ ಹೇಳು."

ಇದು ಪುಸ್ತಕದಲ್ಲಿರಲಿಲ್ಲ. ಆದರೂ ಸರ್ಕಾರ ಯಾವಾಗ ಏನು ಸೇರಿಸುತ್ತದೋ ಯಾರಿಗೆ ಗೊತ್ತು? ಬೆವರು ಒರೆಸಿಕೊಳ್ಳುತ್ತ, ಏಳೆಂಟ್ಲಿಯಲ್ಲಿ ಎಡವಿ, ಎದ್ದು, ಎಪ್ಪತ್ತಕ್ಕೆ ಬಂದು ಮುಟ್ಟಿದ.

"ಬೆನ್ನು ಸ್ವಲ್ಪ ಬಾಗಿದೆ. ಆದ್ರೂ ಶ್ರದ್ಧೆ ಇದೆ. ಪಾಸು," ಎಂದಳಾಕೆ.

ಆರ್ವಿಡ್ ಹೊರಗೆ ಬಂದಾಗ ಕಣ್ಣು ತುಂಬಿತ್ತು. ಮಾಯ್ ಒಳಗೆ ಹೋದಳು.

"ಮಗ್ಗಿ ಯಾಕಂತೆ?" ಎಂದು ಬಾಗಿಲಿಗೆ ಕಿವಿಗೊಟ್ಟಿದ್ದ ಟೆಸ್ಸಾ ಪಿಸುಗುಟ್ಟಿದಳು. ಅವಳೇ ಉತ್ತರವನ್ನೂ ಹೇಳಿದಳು: "ನಾಡಿ ಎಣಿಸೋಕೆ ಲೆಕ್ಕ ಬರ್ಬೇಕಲ್ಲ, ಅದಕ್ಕೇ."

ಆರ್ವಿಡ್‌ಗೆ ಅದೊಂದೂ ಕಿವಿಗೆ ಬೀಳಲಿಲ್ಲ. ಮೊದಲು ಲವೊನ್‌ಗೆ ಫೋನ್ ಮಾಡಿದ; ಅವಳು ಆ ಕಡೆ ಖುಷಿಗೆ ಗೊಳೋ ಎಂದಳು. ಆಮೇಲೆ ಡ್ವೇನ್‌ಗೆ ಮಾಡಿದ. ಮದುವೆಯಾದಂದಿನಿಂದ ಗಂಟಲಲ್ಲೇ ಉಳಿದಿದ್ದ ಮಾತುಗಳೆಲ್ಲ ಇವತ್ತು ಹೊರಬಂದವು. ಬೂಟನ್ನು ಎಲ್ಲಿಟ್ಟುಕೊಳ್ಳಬೇಕು, ಟ್ಯಾಂಕರಿನೊಳಗೆ ಯಾರು ಧುಮುಕಬೇಕು ಎಂಬುದನ್ನೆಲ್ಲ ವಿವರವಾಗಿ ಹೇಳಿ ಫೋನಿಟ್ಟ. ಎದೆ ಹಗುರವಾಯಿತು.

ಆಗಲೇ ಹೊರಬಾಗಿಲು ತೆರೆದು ಗಾಳಿಯ ಜೊತೆ ಇನ್ನೊಬ್ಬ ಮುದುಕಿ ಒಳಗೆ ಬಂದಳು. ಉಣ್ಣೆಯ ಟೋಪಿ ಒಂದು ಕಿವಿಯ ಮೇಲೆ, ಕೈಗವಸು ಒಂದೇ ಕೈಗೆ, ಮೊಣಕಾಲಿನವರೆಗೆ ಹಿಮ. ಷೂ ಹೆಜ್ಜೆಹೆಜ್ಜೆಗೂ ಪಚಪಚ ಎನ್ನುತ್ತಿತ್ತು.

"ಕ್ಷಮಿಸಿ, ತಡವಾಯ್ತು," ಎಂದು ಏದುಸಿರು ಬಿಟ್ಟಳು. "ನನ್ನ ಕಾರು ಹೊರಗೆ ಹಳ್ಳಕ್ಕೆ ಇಳಿದ್ಬಿಟ್ಟಿದೆ. ಪೇಪರೆಲ್ಲ ಅದರಲ್ಲೇ ಇದೆ. ನಾನು ಗರ್ಡಾ ಸ್ಟ್ರಾಮ್, ಪರೀಕ್ಷಕಿ."

ಆರ್ವಿಡ್, ಟೆಸ್ಸಾ ಮುಖ ಮುಖ ನೋಡಿಕೊಂಡರು.

"ಕಾರು ಅಂದ್ರು!" ಎಂದಳು ಟೆಸ್ಸಾ ಮೆಲ್ಲಗೆ. "ಯಾವ ಮಾಯದಲ್ಲಿ ಹೊರಗೆ ಹೋಗಿದ್ರೋ ಪಾಪ."

ಆರ್ವಿಡ್‌ಗೆ ಕರುಳು ಚುರ್ ಎಂದಿತು. ಇಂಥವರಿಗಾಗಿಯೇ ಅಲ್ಲವೇ ತಾನು ಕಲಿತದ್ದು? "ಹೌದಜ್ಜಿ, ನೀವೇ ಪರೀಕ್ಷಕಿ," ಎಂದು ಮೃದುವಾಗಿ ತೋಳು ಹಿಡಿದ. "ಬನ್ನಿ, ಕೂತ್ಕೊಳ್ಳಿ."

"ಅಭ್ಯರ್ಥಿಗಳು ಎಲ್ಲಿ?"

"ಎಲ್ಲ ಬರ್ತಾರೆ. ಮೊದ್ಲು ಈ ಒದ್ದೆ ಕೋಟು ತೆಗೆಯೋಣ್ವಾ?"

"ನನಗೋಸ್ಕರ ತೊಂದ್ರೆ ತಗೋಬೇಡಿ..."

ಆ ಸೀಮೆಯ ಜನ ಹೀಗೇ. ಮುಖಕ್ಕೆ ಹೊಡೆದ ಹಾಗೆ ಬೇಡ ಎಂದು ಹೇಳಿದರೆ ನಾಲಿಗೆ ಬಿದ್ದುಹೋಗುತ್ತದೆಂದು ಅವರ ನಂಬಿಕೆ. ಬೇಕು ಎನ್ನುವುದಕ್ಕೂ ತೊಂದರೆ ತಗೋಬೇಡಿ, ಬೇಡ ಎನ್ನುವುದಕ್ಕೂ ತೊಂದರೆ ತಗೋಬೇಡಿ. ಹಾಗಾಗಿ ಗರ್ಡಾ ಕಾರಿಡಾರಿನಲ್ಲಿದ್ದ ಇನ್ನೊಂದು ಗಾಲಿಕುರ್ಚಿಯಲ್ಲಿ ಕೂತಳು, ಕುರ್ಚಿಗೆ ಬ್ರೇಕು ಬಿತ್ತು, ಕುತ್ತಿಗೆಗೆ ಊಟದ ಬಟ್ಟೆಯೂ ಬಿತ್ತು.

"ನೋಡಿ, ನಾನು ನಿಜವಾಗಿ ರಾಜ್ಯದಿಂದ ಬಂದ..."

ಮಾತು ಮುಗಿಯುವ ಮೊದಲೇ ಟೆಸ್ಸಾ ತಂದುಕೊಟ್ಟ ಅಕ್ಕಿ ಪುಡ್ಡಿಂಗಿನ ಒಂದು ಚಮಚ ಬಾಯಿಗೆ ಹೋಯಿತು. ನೀರಿಳಿಯದ ಗಂಟಲಿಗೆ ಕಡುಬು ತುರುಕಿದಂತಾಯಿತು. ನುಂಗಿ ಮತ್ತೆ "ರಾಜ್ಯದಿಂದ" ಎಂದಳು, ಮತ್ತೊಂದು ಚಮಚ.

"ರಾಜ್ಯ ಎಲ್ಲೂ ಹೋಗಲ್ಲ ಅಜ್ಜಿ. ಪುಡ್ಡಿಂಗ್ ತಣ್ಣಗಾಗುತ್ತೆ," ಎಂದ ಆರ್ವಿಡ್.

ಆಮೇಲೆ ಕೈ ತೊಳೆದು, ಬೋಗುಣಿಯಲ್ಲಿ ಬಿಸಿನೀರು ತಂದ. ಪರೀಕ್ಷೆಗೆ ಒಂದೇ ಕಾಲು ತೊಳೆದು ತೋರಿಸಿದರೆ ಸಾಕು. ಅದೇ ಅಭ್ಯಾಸದಲ್ಲಿ ಎಡಗಾಲಿನ ಷೂ ಕಳಚಿದ. ಕಾಲು ಹಿಮದಲ್ಲಿ ನೆನೆದು ಬಿಳುಚಿಕೊಂಡಿತ್ತು. ಮೊಣಕೈಯಿಂದ ನೀರಿನ ಬಿಸಿ ನೋಡಿ, ಮೆಲ್ಲಗೆ ಅದ್ದಿಸಿ, ಸೋಪು ಹಚ್ಚಿ ಉಜ್ಜಿ, ಬೆರಳಸಂದಿಯನ್ನೆಲ್ಲ ಒರೆಸಿ, ಲೋಷನ್ ಸವರಿದ. ಗರ್ಡಾ ರಾಜ್ಯದ ಮಾತು ಬಿಟ್ಟಳು. ಕಣ್ಣು ಮುಚ್ಚಿ, ಕುರ್ಚಿಗೆ ಒರಗಿ, ಗಂಟಲಲ್ಲೇ ಏನೋ ಗುನುಗತೊಡಗಿದಳು. ಪಾಠ ಎಷ್ಟು ಸರಿಯಾಗಿ ಕೆಲಸ ಮಾಡಿತು ಎಂದು ಆರ್ವಿಡ್ ಹಿಗ್ಗಿದ.

"ಎಲ್ವಿರಾ! ತಿಂಡಿ ಆರಿಹೋಯ್ತು, ಎಲ್ಲಿದ್ದೀರಿ?" ಎನ್ನುತ್ತ ರೋಂಡಾ ಎಂಬ ದಾದಿ ಓಡಿಬಂದಳು.

ಪರೀಕ್ಷೆಯ ಕೋಣೆಯ ಬಾಗಿಲು ತೆರೆಯಿತು. ಕನ್ನಡಕದ ವೃದ್ಧೆ ಮಾಯ್‌ಳ ಕಿವಿ ಹಿಡಿದುಕೊಂಡೇ ಹೊರಗೆ ಬಂದಳು. "ಎಂಟರ ಮಗ್ಗಿ ಬಾಯಿಪಾಠ ಇಲ್ಲ ಇವಳಿಗೆ! ನಾಳೆ ಅಪ್ಪನ್ನ ಕರ್ಕೊಂಡು ಬರ್ಲಿ."

"ಅಯ್ಯೋ ದೇವ್ರೇ," ಎಂದು ರೋಂಡಾ ಆ ಕಿವಿಯನ್ನು ಬಿಡಿಸಿದಳು. "ತಪ್ಪು ತಿಳ್ಕೋಬೇಡಿ, ಇವರು ನಮ್ಮಲ್ಲೇ ಇರೋರು. ಮೊದ್ಲು ಹೆಡ್‌ಮಿಸ್ಟ್ರೆಸ್ ಆಗಿದ್ರು. ಸಿಕ್ಕಿದೋರಿಗೆಲ್ಲ ಪರೀಕ್ಷೆ ಮಾಡ್ತಾರೆ. ಪೋಸ್ಟ್‌ಮ್ಯಾನ್ ಎರಡು ಸಲ ಫೇಲು." ಆಮೇಲೆ ಅವಳ ಕಣ್ಣು ಗಾಲಿಕುರ್ಚಿಯ ಮೇಲೆ ಬಿತ್ತು. "ಇವರ್ಯಾರು? ನಮ್ಮೋರಲ್ವಲ್ಲ!"

ಆರ್ವಿಡ್‌ನ ಕೈಯಿಂದ ಟವಲ್ ಜಾರಿತು. ನಿಂತ ನೆಲವೇ ಕುಸಿಯಬಾರದೇ ಎನಿಸಿತು. ಟೆಸ್ಸಾ ಜೀವನದಲ್ಲಿ ಮೊದಲ ಸಲ ಯಾವ ಸಲಹೆಯನ್ನೂ ಕೊಡಲಿಲ್ಲ.

ಗರ್ಡಾ ಕಣ್ಣು ತೆರೆದು, ಕುತ್ತಿಗೆಯ ಬಟ್ಟೆಯಿಂದ ತುಟಿ ಒರೆಸಿಕೊಂಡಳು.

"ಕೈ ತೊಳೆದ್ರಿ, ಬ್ರೇಕು ಹಾಕಿದ್ರಿ, ನೀರಿನ ಬಿಸಿ ನೋಡಿದ್ರಿ, ಮಾತಲ್ಲೂ ಮರ್ಯಾದೆ ಇತ್ತು," ಎಂದಳು. "ಇಷ್ಟು ವರ್ಷದಲ್ಲಿ ಇಷ್ಟು ಚೆನ್ನಾಗಿ ಮಾಡಿದೋರನ್ನ ನಾನು ನೋಡಿಲ್ಲ."

ಆರ್ವಿಡ್‌ಗೆ ಹೋದ ಜೀವ ಬಂದಿತು. "ಹಾಗಾದ್ರೆ ಪಾಸಾ ಮೇಡಂ?"

"ಅಲ್ಲೇ ಇರೋದು ಕಷ್ಟ. ಅಭ್ಯರ್ಥಿ ಪರೀಕ್ಷಕರ ಮೈ ಮುಟ್ಟಿದ್ರೆ ಆ ದಿನದ ಪರೀಕ್ಷೆ ರದ್ದು. ನೀವು ಪುಡ್ಡಿಂಗ್ ಬೇರೆ ತಿನ್ಸಿದ್ದೀರಿ. ಅದನ್ನ ಲಂಚ ಅಂತ ಬರೀದೇ ಇರೋದೇ ನನ್ನ ಉಪಕಾರ. ಏಪ್ರಿಲ್‌ನಲ್ಲಿ ಮತ್ತೆ ಬನ್ನಿ."

ಏಪ್ರಿಲ್! ಅಲ್ಲಿಯವರೆಗೆ ಡ್ವೇನ್! ಅದೂ ಇವತ್ತು ಅಷ್ಟೆಲ್ಲ ಮಾತಾಡಿದ ಮೇಲೆ! ಆರ್ವಿಡ್ ಬೋಗುಣಿ ಎತ್ತಿಕೊಂಡ. ಅತ್ತುಬಿಡುವಂತಾಗಿತ್ತು, ಆದರೆ ಎಲ್ಲರೂ ನೋಡುತ್ತಿದ್ದರು.

ಗರ್ಡಾ ಸಣ್ಣಗೆ ಕೆಮ್ಮಿದಳು.

"ನೋಡಿ, ನೀವು ತೊಂದ್ರೆ ತಗೋಬೇಡಿ..."

"ಏನು ಮೇಡಂ?"

"ಏನಿಲ್ಲ, ಬಿಡಿ." ಆಕೆ ಚಾವಣಿ ನೋಡಿದಳು.

"ಪರವಾಗಿಲ್ಲ, ಹೇಳಿ."

"ಅಲ್ಲ, ಹೇಗೂ ಪರೀಕ್ಷೆ ರದ್ದಾಯ್ತಲ್ಲ," ಎಂದು ಗರ್ಡಾ ಪಚಪಚ ಎನ್ನುವ ಷೂವಿನಿಂದ ಬಲಗಾಲನ್ನು ಮೆಲ್ಲಗೆ ಬಿಡಿಸಿ ಅವನ ಮುಂದೆ ಚಾಚಿದಳು. "ನೀರಿನ್ನೂ ಬೆಚ್ಚಗಿದ್ಯಾ?"