ಮಾವನ ಎಲ್ಲೆಕಲ್ಲು

ನನ್ನ ಸೋದರಮಾವನಿಗೆ ಮದುವೆಯಾಗಿದ್ದದ್ದು ಅತ್ತೆಯ ಜೊತೆಯಲ್ಲ, ಒಂದು ಎಲ್ಲೆಕಲ್ಲಿನ ಜೊತೆ! ಅತ್ತೆಯ ತಲೆಗೆ ಎಣ್ಣೆ ಇಲ್ಲದಿದ್ದರೂ ಕಲ್ಲಿಗೆ ವಾರಕ್ಕೊಮ್ಮೆ ಎಣ್ಣೆ ತಪ್ಪುತ್ತಿರಲಿಲ್ಲ. ಕಲ್ಲಿನ ಆಚೆ ಅವನ ಊರು, ಪೆನ್ನಾಗರಂ ಸೀಮೆ. ಈಚೆ ನಮ್ಮೂರು, ಬೇರೆ ತಾಲ್ಲೂಕು. ನಡುವಿನ ದಿಣ್ಣೆ ಯಾರದೆಂದು ಅಜ್ಜಂದಿರ ಕಾಲದಿಂದ ಜಗಳ. ಆ ಹಾಳು ದಿಣ್ಣೆಯಲ್ಲಿ ಬೆಳೆಯುತ್ತಿದ್ದದ್ದೇನು? ಕತ್ತಾಳೆ!

ಅಂಥ ವೈರಿ ಊರಿಗೆ, ಇದ್ದೊಬ್ಬ ತಂಗಿಯನ್ನು, ಅಂದರೆ ನಮ್ಮವ್ವನನ್ನು, ಹೇಗೆ ಕೊಟ್ಟನೋ! ತಂದೆಯಿಲ್ಲದ ಹುಡುಗಿ, ಧಾರೆ ಎರೆಯಬೇಕಾದವನು ಇವನೇ. ಚಪ್ಪರವನ್ನು ಗಡಿಯಲ್ಲೇ ಹಾಕಿಸಿ, ತನ್ನ ತಾಲ್ಲೂಕಿನಲ್ಲೇ ನಿಂತು, ಕೈ ಮಾತ್ರ ಈಚೆ ಚಾಚಿ ಎರೆದ. "ಒಂದೆಜ್ಜೆ ಮುಂದಕ್ ಬಾ ಬಾವ" ಎಂದು ನಮ್ಮಪ್ಪ ಕರೆದರೆ, "ತಂಗೀನ ಕೊಟ್ಟೆ, ಮಣ್ಣ ಕೊಡಾಕಿಲ್ಲ!" ಎಂದನಂತೆ.

ಆಮೇಲೂ ನಮ್ಮೂರಿಗೆ ಕಾಲಿಡಲಿಲ್ಲ. ಬೆಳಗಾದರೆ ಕಲ್ಲಿನ ಹತ್ತಿರ ಬಂದು, "ತಂಗೀ, ಉಂಡ್ಯಾ?" ಎಂದು ಕೂಗುತ್ತಿದ್ದ. ಅವ್ವ ಅಂಗಳದಿಂದಲೇ, "ಉಂಡೆ ಕಣಣ್ಣಾ!" ಎನ್ನುತ್ತಿದ್ದಳು. ಅದನ್ನು ಕೇಳಿಸಿಕೊಂಡ ಮೇಲೇ ಅವನು ಹೊಲಕ್ಕೆ ಹೋಗುವುದು.

ಒಮ್ಮೆ ನಮ್ಮ ಆಡು ದಿಣ್ಣೆ ದಾಟಿತು. ಮಾವ ಸೆರೆಹಿಡಿದ! "ಬಾಯಿಲ್ಲದ ಜೀವ ಬಾವ, ಅದ್ಕೇನ್ ತಾಲ್ಲೂಕು ಗೊತ್ತೈತೆ?" ಎಂದ ಅಪ್ಪ.

"ನಿಮ್ಮೂರ್ ನೀರು ಕುಡ್ದೈತಲ್ಲ, ಬುದ್ಧಿ ಎಲ್ಲೋಗ್ತೈತೆ!"

ಸಂಜೆ ಆಡು ತಾನಾಗಿ ಬಂತು. ಕೊರಳಲ್ಲಿ ಒಂದು ಗಂಟು, ಒಳಗೆ ಅವ್ವನಿಗೆಂದು ಹುರಿದ ಕಡಲೆಕಾಯಿ.

ಕಚೇರಿಗೆ ಅಲೆದೂ ಅಲೆದೂ ಕೊನೆಗೆ ಮಾವ ಗೆದ್ದ. ಕಲ್ಲು ಅವನು ಹೇಳಿದಲ್ಲೇ ಕಾಯಂ ಆಯಿತು, ಊರಿಗೆಲ್ಲ ಪಾನಕ ಹಂಚಿದ. ಗೆದ್ದು ವರ್ಷವಾಗಲಿಲ್ಲ, ಮೆಟ್ಟೂರಿನ ಅಣೆಕಟ್ಟಿಗೆ ಎರಡೂರೂ ಮುಳುಗುತ್ತವೆಂದು ಸುದ್ದಿ ಬಂತು. ಹೋಗಲಿ, ಜಗಳವಾದರೂ ಮುಳುಗಿತಲ್ಲ ಎಂದುಕೊಂಡೆವು. ಎಲ್ಲಿ ಬಂತು! ಆ ತಾಲ್ಲೂಕಿನವರು ಆ ದಡಕ್ಕೆ, ಈ ತಾಲ್ಲೂಕಿನವರು ಈ ದಡಕ್ಕೆ, ನಡುವೆ ನೀರು ಎಂದರು, ಎರಡೂರನ್ನೂ ಸೇರಿಸಿ ಕೂರಿಸಿದ ಅಧಿಕಾರಿ.

ಮಾವ ಎದ್ದು ನಿಂತ. "ಸಾಮಿ, ಕಲ್ಲು ತಪ್ಪಾಗಿ ನೆಟ್ಟೈತೆ. ನಮ್ ಮನೇನೂ ಇವರ ತಾಲ್ಲೂಕೇ."

ಎರಡೂರೂ ಬಾಯಿಬಿಟ್ಟು ನೋಡಿದವು. ಅಧಿಕಾರಿ ತಲೆ ಎತ್ತಲಿಲ್ಲ. "ಮುಡಿಯಾದಯ್ಯಾ. ನೀ ಕೇಟ್ಟ ಎಲ್ಲೈದಾನೇ!" ಆಗುವುದಿಲ್ಲ, ನೀನು ಕೇಳಿದ ಗಡಿಯೇ ತಾನೆ ಎಂದರು ತಮಿಳಿನಲ್ಲಿ.

ಮಾವ ನೇರ ಹೋಗಿ ಕಲ್ಲನ್ನು ತಬ್ಬಿ ಎಳೆದ. ಅಲ್ಲಾಡಲಿಲ್ಲ. ಅಷ್ಟು ಆಳವಾಗಿ ನೆಡಿಸಿದವನೂ ಅವನೇ, ಯಾರನ್ನು ಬಯ್ಯುವುದು? ಅಂದು ಮೊದಲ ಸಲ ಅದನ್ನು ದಾಟಿ ಬಂದು ನಮ್ಮ ಜಗುಲಿಯ ಮೇಲೆ ಕುಳಿತ. ಅವ್ವ ಮುದ್ದೆ ಇಟ್ಟಳು.

ಈಗ ಕಣ್ಣು ಹಾಯಿಸಿದಷ್ಟೂ ನೀರು. ಆಚೆ ದಡದ ಮನುಷ್ಯರು ಇರುವೆಗಳಂತೆ ಕಾಣುತ್ತಾರೆ, ಮಾವ ಯಾವ ಇರುವೆಯೋ ದೇವರೇ ಬಲ್ಲ. ಬೆಳಗಾದರೆ ಅವ್ವ ನೀರಿನಂಚಿಗೆ ಹೋಗುತ್ತಾಳೆ. ಏನೂ ಕೇಳಿಸುವುದಿಲ್ಲ. ಆದರೂ ಜೋರಾಗಿ ಕೂಗುತ್ತಾಳೆ: "ಉಂಡೆ ಕಣಣ್ಣಾ!"

ಅಷ್ಟು ಹೊತ್ತಿಗೆ ನಮ್ಮ ಮನೆಯಲ್ಲಿ ಒಲೆಯೂ ಹಚ್ಚಿರುವುದಿಲ್ಲ.