ಪದವಿ ಹಿಡಿದು ಕುಳಿತ ಅಜ್ಜ

ನಾನು ಬಿ.ಎ. ಮುಗಿಸುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಘೋಷಿಸಿದವರು ಚಿಕ್ಕೇರೂರಿನ ನನ್ನ ಸೋದರಮಾವ. ಅದೂ ನನ್ನ ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲರೆದುರು! ರೊಟ್ಟಿ ಬಡಿಯುತ್ತಲೇ ಓದಿ, ಇಂಗ್ಲಿಷಿನಲ್ಲಿ ಬಿದ್ದು, ಎದ್ದು, ಎರಡೂ ಮನೆತನಕ್ಕೆ ಮೊದಲ ಪದವೀಧರೆಯಾದೆ. ಮಾವನಿಗೆ ಸುದ್ದಿ ಮುಟ್ಟಿಸಲಿಲ್ಲ. ಪ್ರಮಾಣಪತ್ರವನ್ನು ಅವರ ಕೈಗೇ ಕೊಡಬೇಕು, ಆಗ ಅವರು ಏನನ್ನುತ್ತಾರೋ ಕೇಳಬೇಕು. ಅದೊಂದೇ ಆಸೆ.

ಭಾನುವಾರ ಬೆಳಿಗ್ಗೆ ಸವಣೂರಿನಿಂದ ಗಂಡನ ಬೈಕಿನಲ್ಲಿ ಹೊರಟೆವು. ದಾರಿಯಲ್ಲಿ ನೋಡುವಂಥದ್ದನ್ನೆಲ್ಲ ನೋಡಿಕೊಂಡೇ ಹೋಗೋಣ, ವಿವರಣೆ ನಾನೇ ಕೊಡುತ್ತೇನೆ ಎಂದೆ. ಪದವಿ ಎಂದರೆ ಸುಮ್ಮನೆಯೇ?

ಮೊದಲು ನಮ್ಮೂರಿನವೇ ದೊಡ್ಡಹುಣಸೆ ಮರಗಳು. ಹೆಸರಿಗೆ ಹುಣಸೆಯಾದರೂ ಇವು ಹುಣಸೆಹಣ್ಣು ಬಿಡುವುದಿಲ್ಲ ಎಂದು ಗಂಡನಿಗೆ ಗಂಭೀರವಾಗಿ ತಿಳಿಸಿದೆ.

"ಹುಟ್ಟಿದಾಗಿಂದ ಇದರ ನೆಳ್ಳಾಗ ಆಡೇನಿ, ಇವತ್ತ ತಿಳೀತು ನೋಡು" ಎಂದರು.

ಶಿಗ್ಗಾಂವಿ ಹತ್ತಿರ ಹಳ್ಳಿಯ ಬದುಕನ್ನೆಲ್ಲ ಬೊಂಬೆಗಳಲ್ಲಿ ಮಾಡಿಟ್ಟ ಒಂದು ತೋಟವಿದೆ. ಟಿಕೆಟ್ ತೆಗೆಸುವ ಮೊದಲೇ, ಬಾಗಿಲ ಪಕ್ಕದ ಕಟ್ಟೆಯ ಮೇಲೆ ರುಮಾಲು ಸುತ್ತಿದ ಅಜ್ಜರೊಬ್ಬರು ಅಂಗೈ ಚಾಚಿ ಕುಳಿತದ್ದು ಕಂಡಿತು. ನಮ್ಮಲ್ಲಿ ಹೊಸದೇನೇ ಬರಲಿ, ಹಿರಿಯರ ಕೈಗಿಟ್ಟು, ಕಾಲಿಗೆ ಬಿದ್ದು, ಮರಳಿ ಇಸಿದುಕೊಳ್ಳುವುದು ರೂಢಿ. ತಡಮಾಡದೆ ಲ್ಯಾಮಿನೇಶನ್ ಮಾಡಿಸಿದ ಪ್ರಮಾಣಪತ್ರವನ್ನು ಆ ಕೈಗಿಟ್ಟು ಕಾಲಿಗೆ ಬಿದ್ದೆ. ಅಜ್ಜ ಹರಸಲಿಲ್ಲ. ಕಿವಿ ಮಂದವೇನೋ ಎಂದುಕೊಂಡು ಪಾಸಾದ ಕತೆಯನ್ನೆಲ್ಲ ಜೋರಾಗಿ ಹೇಳಿದೆ. ಇಂಗ್ಲಿಷಿನಲ್ಲಿ ಬಿದ್ದದ್ದನ್ನೂ ಮುಚ್ಚಿಡಲಿಲ್ಲ!

ಹಿಂದಿನಿಂದ ಗಂಡನ ದನಿ ಬಂತು. "ಏಳು ಶಾಂತಾ. ಅಂವಾ ಮಾತಾಡಂಗಿಲ್ಲ. ಸಿಮೆಂಟಿನಾಂವ ಅದಾನ."

ನಿಂತವರೆಲ್ಲ ನಕ್ಕರು. ನನ್ನ ಹಿಂದೆ ಒಬ್ಬ ಹೆಂಗಸು ತಾನೂ ಕಾಲಿಗೆ ಬೀಳಲು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅದೊಂದೇ ಸಮಾಧಾನ. ತೋಟವೂ ಬೇಡ, ಟಿಕೆಟ್ಟೂ ಬೇಡ ಎಂದು ಓಡಿ ಬೈಕು ಹತ್ತಿದೆ.

ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ಸ್ವಲ್ಪ ಧೈರ್ಯ ಬಂತು. ತಲೆಯ ಮೇಲಿನ ಕಲ್ಲಿನ ಕಮಲ ತೋರಿಸಿ ಮತ್ತೆ ಪಾಂಡಿತ್ಯ ಶುರುಮಾಡಿದೆ. ಪ್ರಮಾಣಪತ್ರವನ್ನು ದೇವರ ಮುಂದಿಡೋಣವೆಂದು ಚೀಲಕ್ಕೆ ಕೈ ಹಾಕಿದೆ. ಬಂದದ್ದು ಮಾವನಿಗೆ ತಿನ್ನಲೆಂದು ಕಟ್ಟಿಸಿದ ಸವಣೂರು ಖಾರದ ಪೊಟ್ಟಣ! ಇಷ್ಟು ವರ್ಷದ ನನ್ನ ಓದು ಸಿಮೆಂಟಿನ ಅಜ್ಜನ ಅಂಗೈಯಲ್ಲೇ ಉಳಿದಿತ್ತು. ಗಂಡ ಬೈಕು ತಿರುಗಿಸಿದರು.

ಶಿಗ್ಗಾಂವಿಯಲ್ಲಿ ಅಜ್ಜ ಪದವಿ ಹಿಡಿದುಕೊಂಡು ನನಗಿಂತ ಗಂಭೀರವಾಗಿ ಕುಳಿತಿದ್ದ. ಯಾರೋ ಕೊರಳಿಗೆ ಹೂಮಾಲೆಯನ್ನೂ ಹಾಕಿದ್ದರು. ಜನ ಸಾಲಾಗಿ ನಿಂತು ಸೆಲ್ಫಿ ತೆಗೆಯುತ್ತಿದ್ದರು. ಅಳುತ್ತ ನಗುತ್ತ ನಾನು ಪ್ರಮಾಣಪತ್ರ ಇಸಿದುಕೊಳ್ಳುವ ಮೊದಲು ಗಂಡನೂ ಒಂದು ಫೋಟೋ ಹೊಡೆದು ಮೊಬೈಲಿನಲ್ಲಿ ಏನೋ ಒತ್ತಿದರು.

ಚಿಕ್ಕೇರೂರು ಮುಟ್ಟಿದಾಗ ಸಂಜೆ. ಮಾವ ಕಟ್ಟೆಯ ಮೇಲೆ ಕುಳಿತಿದ್ದರು. ಈ ಸಲ ಅವರು ಕೆಮ್ಮಿದ್ದನ್ನು ಖಚಿತಪಡಿಸಿಕೊಂಡೇ ಕಾಲಿಗೆ ಬಿದ್ದೆ! ಪ್ರಮಾಣಪತ್ರ ಕೈಗಿಟ್ಟೆ. ಕನ್ನಡಕ ಏರಿಸಿ, ನನ್ನ ಹೆಸರಿನ ಮೇಲೆ ಬೆರಳಾಡಿಸಿ, ಬಹಳ ಹೊತ್ತು ನೋಡಿದರು. ಈ ಗಳಿಗೆಗಾಗಿಯೇ ಅಲ್ಲವೇ ನಾನು ಕಾದಿದ್ದು!

"ಮಧ್ಯಾಹ್ನ ಅಳಿಯಂದ್ರು ಫೋಟೋ ಕಳಿಸಿದ್ರು" ಎಂದರು ಮಾವ. "ಆ ಅಜ್ಜ ಈ ವಯಸ್ಸಿನಾಗ ಬಿ.ಎ. ಮಾಡ್ಯಾನ ಅಂತ ಊರಿಗೆಲ್ಲಾ ತೋರಿಸಿ ಬಂದೇನಿ. ನೀನೂ ಪಾಸಾದಿ ಏನವಾ?"