ಬೀಗರ ಮೇಲೆ ಭರವಸೆ ಎಷ್ಟು ಎಂದು ಕೇಳಿದ ತಂತ್ರಾಂಶದವರಿಗೆ

ಆಳಂದ, ಡಿಸೆಂಬರ್ ೧೯೯೯

ಪರರ ಕಣ್ಣಿಗೆ ಬೀಳದಂತೆ ಪತ್ರ ಮುಚ್ಚುವ ತಂತ್ರಾಂಶವನ್ನು ಬರೆದು, ಜಗತ್ತಿಗೆಲ್ಲ ಪುಕ್ಕಟೆ ಹಂಚಿ, ಸಮುದ್ರದಾಚೆ ನಿಶ್ಚಿಂತೆಯಿಂದ ಕುಳಿತಿರುವ ಮಾನ್ಯರೇ,

ತೊಗರಿ ವ್ಯಾಪಾರಿ ಶಾಂತಲಿಂಗಪ್ಪನ ಶರಣು ಶರಣಾರ್ಥಿ. ಖಾದರಸಾಬನ ಫೋನ್ ಬೂತಿನಿಂದ ಅಫಜಲಪುರದ ವ್ಯಾಪಾರಿ ದೊಡ್ಡಪ್ಪನವರಿಗೆ ನಾನು ತೊಗರಿ ದರವನ್ನು ಎಷ್ಟೇ ಮೆಲ್ಲಗೆ ಹೇಳಿದರೂ, ಬೂತಿನಿಂದ ಹೊರಬರುವಷ್ಟರಲ್ಲಿ ಅದು ಹಿರೋಳ್ಳಿ ದಾಟಿ ಮಹಾರಾಷ್ಟ್ರ ಮುಟ್ಟಿರುತ್ತಿತ್ತು. ತಮ್ಮ ದಯೆಯಿಂದ ಈಗ ನನ್ನ ಪತ್ರ ಕಂಪ್ಯೂಟರಿನಲ್ಲಿ ಗೊಜಲು ಅಕ್ಷರಗಳಾಗಿ ಹೋಗಿ, ದೊಡ್ಡಪ್ಪನವರ ಕೀಲಿಕೈಗೆ ಮಾತ್ರ ತೆರೆದುಕೊಳ್ಳುತ್ತದೆ. ತಮ್ಮ ಹೊಟ್ಟೆ ತಣ್ಣಗಿರಲಿ.

ಆದರೆ ಈ ದೊಡ್ಡಪ್ಪನವರು ನನ್ನ ಬೀಗರೂ ಆಗುವವರು. ಅವರ ಮಗನಿಗೆ ನನ್ನ ಮಗಳು ಶಿವಕಾಂತಾಳನ್ನು ಕೊಡುವುದೆಂದು ನಿಶ್ಚಯವಾಗಿತ್ತು. ಹೋದ ತಿಂಗಳು, ಅವರಿಗೆ ಪತ್ರ ಮುಚ್ಚಲು ನನಗೆ ಬೇಕಾದ ಕೀಲಿಕೈಯನ್ನು ಅವರು ಫ್ಲಾಪಿಯಲ್ಲಿ ಹಾಕಿಕೊಂಡು ಮನೆಗೇ ಬಂದರು. ಅದನ್ನು ನಮ್ಮ ಕಂಪ್ಯೂಟರಿಗೆ ಸೇರಿಸುತ್ತಲೇ, ಅವರು ಚಹಾ ಹಿಡಿದು ಪಕ್ಕದಲ್ಲಿ ಕುಳಿತಿರುವಾಗಲೇ, ತಮ್ಮ ತಂತ್ರಾಂಶ ನನ್ನನ್ನು ಕೇಳಿತು, ಈ ಮನುಷ್ಯನ ಮೇಲೆ ನಿಮಗೆ ಭರವಸೆ ಎಷ್ಟು ಎಂದು. ಒಂದು, ಗೊತ್ತಿಲ್ಲ, ಎರಡು, ಇಲ್ಲವೇ ಇಲ್ಲ, ಮೂರು, ತಕ್ಕಮಟ್ಟಿಗೆ, ನಾಲ್ಕು, ಪೂರ್ತಿ. ಕಲಬುರಗಿಯಲ್ಲಿ ಕಂಪ್ಯೂಟರ್ ಕಲಿತ ನನ್ನ ಮಗಳು ಅದನ್ನು ಸ್ವಚ್ಛ ಕನ್ನಡದಲ್ಲಿ, ಗಟ್ಟಿಯಾಗಿ ಓದಿದಳು.

ಬೀಗರ ಎದುರು ಕೇಳುವ ಮಾತೇ ಇದು, ಮಾನ್ಯರೇ? ನಮ್ಮಲ್ಲಿ ಬೀಗರ ಮೇಲಿನ ಭರವಸೆಯನ್ನು, ಮದುವೆ ಮುಗಿದು, ಅವರು ಬಸ್ಸು ಹತ್ತಿ, ಬಸ್ಸು ಮರೆಯಾದ ಮೇಲೆ ಬಾಗಿಲು ಹಾಕಿಕೊಂಡು ಮಾತಾಡುತ್ತೇವೆ. ನನ್ನದೋ ವ್ಯಾಪಾರಿಯ ಬೆರಳು, ಏನು ಕೇಳಿದರೂ ನಡುವಿನದನ್ನೇ ಹೇಳುವ ಚಟ. ಮೂರು ಒತ್ತಿಬಿಟ್ಟೆ.

ದೊಡ್ಡಪ್ಪನವರು ಕಪ್ಪು ಕೆಳಗಿಟ್ಟರು. "ತಕ್ಕಮಟ್ಟಿಗಿನ ಭರವಸಾದ ಮನಿಗೆ ಪೂರಾ ಮಗಳನ್ನ ಹ್ಯಾಂಗ ಕೊಡ್ತೀರಿ?" ಎಂದವರೇ ಎದ್ದು ನಡೆದರು. ಹದಿನೈದು ದಿನ ಅವರಿಂದ ಪತ್ರವಿಲ್ಲ. ಮುಚ್ಚಿದ್ದೂ ಇಲ್ಲ, ತೆರೆದದ್ದೂ ಇಲ್ಲ. ಶಿವಕಾಂತಾ ಅರ್ಧ ರೊಟ್ಟಿಗೇ ಏಳತೊಡಗಿದಳು, ನನಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ.

ಆದುದರಿಂದ ತಾವು ದಯಮಾಡಿ 'ಇವರು ಬೀಗರು, ಕೇಳಬೇಡ' ಎಂಬ ಐದನೆಯ ಸಾಲನ್ನು ಸೇರಿಸಬೇಕು. ಆಗದಿದ್ದರೆ ಬೀಗರ ಚಪ್ಪಲಿ ಸಪ್ಪಳ ಕೇಳುತ್ತಲೇ ಪರದೆ ತಾನಾಗಿ ಕಪ್ಪಾಗಬೇಕು. ಅದೂ ಆಗದಿದ್ದರೆ ತಮ್ಮಲ್ಲೊಬ್ಬರು ಶಾಲು, ತೆಂಗಿನಕಾಯಿ ಹಿಡಿದು ಅಫಜಲಪುರಕ್ಕೆ ಹೋಗಿ ತಪ್ಪೊಪ್ಪಿಕೊಳ್ಳಬೇಕು. ದುಡ್ಡು ಕೊಟ್ಟು ತಂದಿದ್ದರೆ ಅಂಗಡಿಗೆ ಹೋಗಿ ಜಗಳವನ್ನಾದರೂ ಮಾಡುತ್ತಿದ್ದೆ. ಪುಕ್ಕಟೆ ಕೊಟ್ಟು ಆ ಸುಖವನ್ನೂ ಕಸಿದುಕೊಂಡಿರಿ.

ಇಷ್ಟು ಬರೆದದ್ದನ್ನು ಓದಿದ ಮಗಳು, ತಂತ್ರಾಂಶದ ಒಳಗಿನ ಬರಹವನ್ನೂ ಅವರು ಬಿಚ್ಚಿಯೇ ಕೊಟ್ಟಿದ್ದಾರೆ, ಯಾರು ಬೇಕಾದರೂ ತಿದ್ದಬಹುದು ಎಂದಳು. ಮೂರು ದಿನ ಕುಳಿತು ತಿದ್ದಿದಳು. ನಾನು ಹೋಗಿ ಕೈಮುಗಿದು ದೊಡ್ಡಪ್ಪನವರನ್ನು ಕರೆತಂದೆ. ಹಾಳು ಬೆರಳು ಮತ್ತೆ ಮೂರನ್ನೇ ಒತ್ತಿತು. ಪರದೆ ಮಾತ್ರ 'ಪೂರ್ತಿ ಭರವಸೆ' ಎಂದು ಬರೆಯಿತು. ಈಗ ಯಾವ ಅಂಕಿ ಒತ್ತಿದರೂ ಅದು ಅದನ್ನೇ ಬರೆಯುತ್ತದೆಯಂತೆ. ಬೀಗರು ಎರಡು ಕಪ್ಪು ಚಹಾ ಕುಡಿದರು. ಮದುವೆ ಉಳಿಯಿತು, ತಮ್ಮ ಭದ್ರತೆ ಉಳಿಯಿತೋ ಇಲ್ಲವೋ ನಾನು ವಿಚಾರಿಸಿಲ್ಲ.

ಅವರು ಹೋದ ಮೇಲೆ, ಪರದೆಯಲ್ಲಿ ಅವರ ಮಗನ ಕೀಲಿಕೈಯೂ ಇರುವುದು ಕಂಡು, ಇದಕ್ಕೆ ನೀನು ಎಷ್ಟು ಒತ್ತಿದ್ದೀಯೆಂದು ಮಗಳನ್ನು ಕೇಳಿದೆ. ಅವಳು ನನ್ನ ಕಡೆ ನೋಡಲಿಲ್ಲ. "ನಾಕು ಒತ್ತೇನಪ್ಪಾ," ಎಂದಳು. "ಅದೂ ತಿದ್ದೋಕ್ಕಿಂತ ಮೊದಲೇ."

ಎಷ್ಟರಮಟ್ಟಿಗೆ ಎಂದು ಕೇಳಬಾರದೆಂದು ವಿನಂತಿಸುವ,
ತಮ್ಮ ವಿಶ್ವಾಸಿ,
ಶಾಂತಲಿಂಗಪ್ಪ

ತಾ.ಕ.: ಮಗಳು ತಿದ್ದಿದ ಪ್ರತಿಯನ್ನು ದೊಡ್ಡಪ್ಪನವರು ಕೇಳಿ, ಅವಸರದಿಂದ ಫ್ಲಾಪಿಯಲ್ಲಿ ಹಾಕಿಸಿಕೊಂಡು ಒಯ್ದರು. ಅವರ ಮನೆಯ ಕಂಪ್ಯೂಟರು ನನ್ನ ಬಗ್ಗೆ ಕೇಳಿದಾಗ ಅವರು ಎಷ್ಟು ಒತ್ತಿದ್ದರೋ, ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಷ್ಟು ಮರ್ಯಾದೆ ನಮಗಿದೆ. ತಮ್ಮ ತಂತ್ರಾಂಶಕ್ಕೂ ಕಲಿಸಿರಿ.